ಎಲುಬಿನ ಮೇಲಿನ ಆರು ಕುರಿ

ಎಲುಬು ಅಂದ ಕೂಡಲೇ ಮೂಗು ಮುರಿಯುವವರು ಈ ಅಧ್ಯಾಯ ಬಿಟ್ಟು ಮುಂದಿನದಕ್ಕೆ ಹೋಗಬಹುದು, ನನಗೇನೂ ಸಿಟ್ಟಿಲ್ಲ. ನಮ್ಮ ಮನೆಯೊಳಗೇ ಒಬ್ಬರು ಹಾಗೆ ಮೂಗು ಮುರಿದರು, ಅದರಿಂದ ಏನೇನಾಯಿತು ಅನ್ನುವುದನ್ನೇ ಬರೆಯಲು ಕೂತಿದ್ದೇನೆ. ಚಿಕ್ಕೋಡಿಯ ಶಾಲೆಯೊಂದರಲ್ಲಿ ನಾನು ಚಿತ್ರಕಲೆ ಕಲಿಸುತ್ತಿದ್ದೆ. ಮಕ್ಕಳಿಗೆ ತೋರಿಸಲೆಂದು ತರಿಸಿದ ದಪ್ಪ ಪುಸ್ತಕವೊಂದರ ಹಾಳೆ ತಿರುವುತ್ತಿರುವಾಗ ಒಂದು ಮಧ್ಯಾಹ್ನ ನಮ್ಮ ಆಯಿಯ ಸೊಂಟದಲ್ಲಿರುತ್ತಿದ್ದ ಸಾಮಾನು ಕಣ್ಣಿಗೆ ಬಿತ್ತು. ಆಯಿ ಅಂದರೆ ನನ್ನ ಅಪ್ಪನ ಅವ್ವ. ಚಿತ್ರದಲ್ಲಿದ್ದದ್ದು ಅವಳದಲ್ಲ, ಬಿಡಿ. ಸಮುದ್ರದಾಚೆ, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಯಾವ ಕಾಲದಲ್ಲೋ ಬದುಕಿದ್ದ ಮಂದಿಯದು. ಅವರೂ ಕುರಿಯಂಥದೇ ಉಣ್ಣೆಯ ಪ್ರಾಣಿ ಸಾಕುತ್ತಿದ್ದರಂತೆ. ಅದರ ಕಾಲಿನ ಎಲುಬು ಕೊರೆದು, ಮೇಲೆ ಹಕ್ಕಿ, ಮುಖ, ಮೃಗ ಕೆತ್ತಿ, ಗೆರೆಗೆ ಕಪ್ಪು ತುಂಬಿ, ಒಳಗೆ ಸುಣ್ಣ ಇಟ್ಟುಕೊಳ್ಳುತ್ತಿದ್ದರಂತೆ. ಬಾಯಲ್ಲಿ ಎಲೆ ಜಗಿಯುತ್ತ, ಸಣ್ಣ ಕಡ್ಡಿಯಿಂದ ಸುಣ್ಣ ತೆಗೆದು ನಾಲಗೆಗೆ ಹಚ್ಚಿಕೊಳ್ಳುವುದು. ಸತ್ತರೆ ಅವರ ಪಕ್ಕದಲ್ಲೇ ಅದನ್ನೂ ಹೂಳುವುದು. ಚಿತ್ರದ ಕೆಳಗೆ 'ದಿನಬಳಕೆಯ ಪಾತ್ರೆ, ಯಾರದೆಂದು ತಿಳಿದಿಲ್ಲ' ಎಂದಿತ್ತು. ಅಷ್ಟು ಓದಿದ್ದೇ ತಡ, ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಕುರ್ಚಿಯ ಗಣಿತದ ಮಾಸ್ತರರು ಗಾಬರಿಯಾದರು.

"ಯಾಕ್ರಿ ಟೀಚರ, ಏನಾತ್ರಿ?"

"ಏನಿಲ್ರಿ ಸರ್. ಕಣ್ಣಾಗ ಸುಣ್ಣ ಬಿದ್ದಂಗಾತು."

ನಮ್ಮ ಮನೆ ಇದ್ದದ್ದು ಅಲಖನೂರಿನ ಅಂಚಿನಲ್ಲಿ. ಮನೆ ಅಂದರೆ ಎಷ್ಟು, ಒಂದು ಪಡಸಾಲೆ, ಒಂದು ಅಡಿಗೆ ಮನೆ, ನಡುವೆ ಜೋಳದ ಚೀಲ ಒಟ್ಟುವ ಕತ್ತಲ ಕೋಣೆ. ಅಂಗಳ ದಾಟಿದರೆ ಕುರಿದಡ್ಡಿ, ಅದರ ಮೂಲೆಯಲ್ಲಿ ಎಳೆಮರಿಗಳನ್ನು ಮುಚ್ಚಿಡಲು ಒಂದು ತಗಡಿನ ಮಾಡು. ಅಜ್ಜನ ಕಾಲಕ್ಕೆ ನೂರರ ಮೇಲೆ ಕುರಿ ಇದ್ದವಂತೆ. ನನಗೆ ಬುದ್ಧಿ ಬಂದು ನೋಡುವಷ್ಟರಲ್ಲಿ ಸುತ್ತಲೂ ಕಬ್ಬು ಬಂದು ಕುರಿಗೆ ಮೇಯಲು ಜಾಗವಿಲ್ಲದೆ ಹದಿನೈದಿಪ್ಪತ್ತು ಉಳಿದಿದ್ದವು. ಪಡಸಾಲೆಯ ಬಾಗಿಲ ಬಲಕ್ಕೆ, ಬೆಳಕು ಬೀಳುವ ಕಡೆ, ಕಂಬಳಿ ಮಡಚಿ ಹಾಸಿಕೊಂಡು ಆಯಿ ಕೂರುತ್ತಿದ್ದಳು. ಅದು ಅವಳ ಗಾದಿ. ರೊಟ್ಟಿ ಉಣ್ಣುವುದು ಅಲ್ಲೇ, ಜಗಳಾಡುವುದು ಅಲ್ಲೇ, ಮಲಗುವುದು ಅಲ್ಲೇ. ಅವಳ ಕಂಬಳಿಯೊಳಗೆ ನಾನು. ಕುರಿ ವಾಸನೆ, ನಿಪ್ಪಾಣಿ ತಂಬಾಕಿನ ವಾಸನೆ, ಸುಣ್ಣದ ವಾಸನೆ, ಈ ಮೂರೂ ಸೇರದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅವ್ವ ಬೈಯುತ್ತಿದ್ದಳು, ಈ ಹುಡುಗಿ ಸಾಲಿಗೆ ಹೋದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ ಅಂತ. ಬೈದರೆ ಬೈಯಲಿ, ಆ ಕಂಬಳಿ ಬಿಟ್ಟು ನಾನು ಎಲ್ಲಿಗೂ ಹೋಗುತ್ತಿರಲಿಲ್ಲ.

ಆಯಿಯ ಸೊಂಟಕ್ಕೊಂದು ಸಂಚಿ. ಅದರಲ್ಲಿ ತಂಬಾಕು, ಅಡಿಕೆ ಚೂರು, ಮತ್ತೆ ಸುಣ್ಣದ ಎಲುಬು. ಗೇಣಿಗೆ ಎರಡು ಬೆರಳು ಕಡಿಮೆ ಉದ್ದ, ಬೆಣ್ಣೆಯ ಬಣ್ಣ. ಅಜ್ಜನ ಹಿಂಡಿನ ಮುಂದಾಳು ಟಗರೊಂದು ಮುದಿಯಾಗಿ, ಅಥಣಿ ಕಡೆ ಕುರಿ ಹೊಡೆದುಕೊಂಡು ಹೋದಾಗ ದಾರಿಯಲ್ಲೇ ಕಾಲು ಚಾಚಿತಂತೆ. ಅದನ್ನು ಕೊಯ್ದು ತಿನ್ನಲು ಅಜ್ಜನಿಗೆ ಮನಸ್ಸು ಬರಲಿಲ್ಲ. ಅಲ್ಲೇ ಹೂಳಿ ಬಂದ. ಮರುವರ್ಷ ಅದೇ ದಾರಿಯಲ್ಲಿ ಹೋದಾಗ ಅಗೆದು, ಮುಂಗಾಲಿನ ಎಲುಬು ತಂದು, ಒಳಗೆಲ್ಲ ಕೆರೆದು ಕೊಳವೆ ಮಾಡಿ, ತಳಕ್ಕೆ ಅರಗು ಕೂಡಿಸಿ, ಮೇಲೆ ಜಾಲಿಯ ಬೆಣೆ ಹೊಡೆದು ಹೆಂಡತಿಗೆ ಕೊಟ್ಟ. ಬಂಗಾರ ಕೊಡಲಿಲ್ಲ, ಎಲುಬು ಕೊಟ್ಟ ಅಂತ ಆಯಿ ಬಾಯಲ್ಲಿ ತಂಬಾಕಿಟ್ಟುಕೊಂಡು ನಗುತ್ತಿದ್ದಳು. ಅದರ ಸುತ್ತ ಆರು ಕುರಿ ಕೆತ್ತಿತ್ತು. ಒಂದೊಂದು ಕೂಸು ಹುಟ್ಟಿದಾಗ ಒಂದೊಂದು. ಹುಟ್ಟಿದ ಕೂಡಲೇ ಕೆತ್ತುವುದು, ವರ್ಷ ತುಂಬಿದರೆ ದೀಪದ ಕಾಡಿಗೆಯನ್ನು ಔಡಲೆಣ್ಣೆಯಲ್ಲಿ ಕಲಸಿ ಆ ಗೆರೆಗಳಿಗೆ ತುಂಬುವುದು. ಅಜ್ಜನಿಗೆ ಕುರಿ ಕೆತ್ತಲು ಬರುತ್ತಿದ್ದದ್ದು ಒಂದೇ ನಮೂನೆ. ಎಲ್ಲ ಕುರಿಗೂ ಅದೇ ಡೊಂಕು ಬೆನ್ನು, ಅದೇ ಮೋಟು ಬಾಲ, ಎಲ್ಲವೂ ಒಂದರ ಹಿಂದೊಂದು ಸುತ್ತ ಹೊರಟಿವೆ. ದುಂಡಗಿನ ಎಲುಬು, ಮೊದಲ ಕುರಿ ಯಾವುದು ಕಡೆಯದು ಯಾವುದು ಹೇಳಲು ಬಾರದು. ಆರರಲ್ಲಿ ಎರಡು ಕಪ್ಪಾಗಿದ್ದವು. ನಾಲ್ಕು ಎಲುಬಿನಷ್ಟೇ ಬೆಳ್ಳಗೆ.

"ಇದು ನಿಮ್ಮಪ್ಪ ನೋಡ ಪೋರಿ. ಇದು ಕಬ್ಬೂರಿಗೆ ಕೊಟ್ಟೀವಲ್ಲ, ನಿಮ್ಮತ್ತಿ."

"ಈ ಬಿಳೇವು?"

"ಅವು ಮೇಯಾಕ ಹೋಗ್ಯಾವ."

ಅವು ವರ್ಷ ತುಂಬುವ ಮೊದಲೇ ತೀರಿಹೋದ ಕೂಸುಗಳು ಎಂದು ನನಗೆ ಹೇಳಿದ್ದು ಅವ್ವ. ಆಯಿ ಮಾತ್ರ ಸತ್ತರು ಅಂತ ಎಂದೂ ಅನ್ನಲಿಲ್ಲ. ದಿನಾ ಬೆಳಗ್ಗೆ ಬೆಣೆ ಕಿತ್ತು ಸುಣ್ಣ ತೆಗೆಯುವ ಮುನ್ನ ಒಂದು ಸುತ್ತು ಎಲುಬನ್ನು ಬೆರಳ ನಡುವೆ ತಿರುಗಿಸುತ್ತಿದ್ದಳು. ದಡ್ಡಿಯ ಬಾಗಿಲು ತೆಗೆದು ಕುರಿ ಎಣಿಸುವವರು ತುಟಿ ಅಲ್ಲಾಡಿಸುವ ಹಾಗೆ ತುಟಿ ಅಲ್ಲಾಡುತ್ತಿತ್ತು. ಆಮೇಲೆ ತಂಬಾಕು.

ನನಗೆ ಒಂಬತ್ತು ವರ್ಷವಿದ್ದಾಗ ನಮ್ಮ ಮನೆಯಲ್ಲಿ ಒಂದು ಕೂಸು ಹೋಯಿತು. ನನ್ನ ತಮ್ಮ. ಹತ್ತು ತಿಂಗಳವನು, ಗೋಡೆ ಹಿಡಿದು ನಿಲ್ಲುತ್ತಿದ್ದ. ನಾಲ್ಕು ದಿನ ಜ್ವರ, ರಾಯಬಾಗಕ್ಕೆ ಒಯ್ದು ತೋರಿಸಿ ತಂದರು, ಐದನೆಯ ದಿನ ಇಲ್ಲ. ಆ ಸಂಕಟವನ್ನು ನಾನು ಬರೆಯಲಾರೆ, ಅವ್ವ ಬರೆಯಬೇಕಿತ್ತು, ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪ ಅಳಲಿಲ್ಲ. ಯಾರ ಜೊತೆಗೂ ಮಾತಾಡದೆ ತಿರುಗಾಡಿದ. ಆಷಾಢದಲ್ಲಿ ಊರವರು ಪಂಢರಪುರಕ್ಕೆ ವಾರಿ ಹೊರಟಾಗ, ನಡೆದು ಹೋಗುವ ಆ ಮಂದಿಯ ಬೆನ್ನಿಗೆ ಬಿದ್ದು ಇವನೂ ಹೋದ. ಬರುವಾಗ ಕೊರಳಲ್ಲಿ ತುಳಸಿ ಮಾಳಿ. ಮಾಳಿ ಹಾಕಿಕೊಂಡವರು ಮಾಂಸ ಮುಟ್ಟುವಂತಿಲ್ಲ, ಸೆರೆ ಮುಟ್ಟುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ಅದೆಲ್ಲ ಒಳ್ಳೆಯದೇ. ಮನೆಯ ಹಳೆಯ ಗಡಿಗೆಗಳನ್ನೆಲ್ಲ ಹೊರಗಿಟ್ಟ, ಹೊಸವು ಬಂದವು. ಸಂಜೆ ತಾಳ ಹಿಡಿದು ಮರಾಠಿಯಲ್ಲಿ ಭಜನೆ ಮಾಡುತ್ತ ಕೂತರೆ ಅವನ ಮುಖದ ಮೇಲಿನ ಗಂಟು ತುಸು ಸಡಿಲಾಗುತ್ತಿತ್ತು. ಅದನ್ನು ನೋಡಿ ಆಯಿಯೇ ಅಂದಿದ್ದಳು, ಹೋಗಲಿ, ನನ್ನ ಮಗನಿಗೆ ದೇವರು ಒಂದು ಹಿಡಿಕೆ ಕೊಟ್ಟ ಅಂತ. ಆದರೆ ವಾರಿಯ ದಾರಿಯಲ್ಲಿ ಯಾರೋ ಪುಣ್ಯಾತ್ಮರು ಅವನ ಕಿವಿಯಲ್ಲಿ ಒಂದು ಮಾತು ಹಾಕಿ ಕಳಿಸಿದ್ದರು. ಒಂದು ವಾರ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಎಂಟನೆಯ ದಿನ ಊಟಕ್ಕೆ ಕೂತಾಗ ತೆಗೆದ. ಆಯಿ ಆಗಷ್ಟೇ ರೊಟ್ಟಿ ಮುಗಿಸಿ ಸಂಚಿಗೆ ಕೈ ಹಾಕಿದ್ದಳು.

"ಅವ್ವಾ, ಆ ಎಲುಬ ಹೊರಗ ಹಾಕ. ನಿಪ್ಪಾಣ್ಯಾಗ ಹಿತ್ತಾಳಿ ಡಬ್ಬಿ ಸಿಗತೈತಿ, ನಾ ತಂದ ಕೊಡ್ತೀನಿ."

"ಯಾಕೋ? ಇಷ್ಟ ದಿನ ಚುಚ್ಚಲಿಲ್ಲ, ಈಗ ಚುಚ್ಚಾಕತ್ತೈತೇನ?"

"ಮನ್ಯಾಗ ಎಲುಬ ಇಟ್ಕೊಂಡ ಕುಂತ್ರ ಕೂಸ ಹೆಂಗ ಉಳೀತಾವ? ನೀನೂ ನಾಕ ಮಂದೀನ ಕಳಕೊಂಡಿ. ಸೊಂಟಕ್ಕ ಅದನ್ನ ಕಟ್ಕೊಂಡ ಅಡ್ಡಾಡಿದ್ದಕ್ಕ ಹಂಗಾತು. ಈಗ ನನ್ನ ಮಗನೂ ಹ್ವಾದ."

ಅವ್ವ ಒಲೆಯ ಮುಂದಿಂದ "ಅಯ್ಯ, ಬಾಯಿ ಮುಚ್ಚರಿ!" ಅಂತ ಕೂಗಿದಳು. ಅವಳು ಅಪ್ಪನಿಗೆ ಎದುರಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಆಯಿ ಏನೂ ಕೂಗಲಿಲ್ಲ. ಜಗಳವೆಂದರೆ ಊರೆಲ್ಲ ಕೇಳುವಂತೆ ಮಾಡುತ್ತಿದ್ದ ಹೆಂಗಸು, ಅವತ್ತು ಅವಳ ದನಿ ನನಗೂ ಅರ್ಧ ಕೇಳಿಸಿತು.

"ಆ ನಾಕ ಮಂದಿ ಇರೂದ ಇದರಾಗ ಅಪ್ಪಾ. ನೀನೂ ಇದರಾಗ ಅದಿ. ಇದನ್ನ ಹೊರಗ ಹಾಕಿ ನಾ ಒಬ್ಬಾಕಿ ಒಳಗ ಮಲಗಾಂಗಿಲ್ಲ."

ಅಷ್ಟೇ. ಕಂಬಳಿ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಅಂಗಳ ದಾಟಿ, ಮರಿಗಳ ತಗಡಿನ ಮಾಡಿನೊಳಗೆ ಹೋಗಿ ಕೂತಳು. ಸಂಜೆಗೆ ಸಿಟ್ಟು ಇಳಿದು ಬರುತ್ತಾಳೆ ಅಂದುಕೊಂಡೆವು. ಬರಲಿಲ್ಲ. ಶ್ರಾವಣ ಹೋಯಿತು, ಭಾದ್ರಪದ ಹೋಯಿತು, ತಗಡಿನ ಮೇಲೆ ಮಳೆ ಹೊಡೆದು ಹೊಡೆದು ಒಳಗೆ ಮಾತಾಡಿದರೆ ಕೇಳುತ್ತಿರಲಿಲ್ಲ. ನಾನು ಎರಡೂ ಹೊತ್ತು ರೊಟ್ಟಿ, ಝುಣಕ, ಒಂದು ವಾಟಿ ಸಾರು ಅರಿವೆಯಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದೆ. ಅಲ್ಲೇ ಮಲಗುತ್ತೇನೆಂದರೆ ಆಯಿ ಬಿಡುತ್ತಿರಲಿಲ್ಲ, ಚಿಕ್ಕಾಡಿ ಕಡಿಯುತ್ತವೆ ಹೋಗು ಅನ್ನುತ್ತಿದ್ದಳು. ಅವಳಿಗೆ ಕೆಮ್ಮು ಹತ್ತಿತು. ಪಡಸಾಲೆಯಲ್ಲಿ ಅಪ್ಪ ಉಣ್ಣುವಾಗ ಆ ಕೆಮ್ಮು ಕೇಳಿದರೆ ತುತ್ತು ಕೈಯಲ್ಲೇ ಹಿಡಿದು ಕೂರುತ್ತಿದ್ದ. ಎದ್ದು ಹೋಗಿ 'ಬಾ ಅವ್ವಾ' ಅನ್ನಲು ಅವನಿಂದ ಆಗಲಿಲ್ಲ, ಎಲುಬು ಕಂಡರೆ ಅವನಿಗೆ ಸತ್ತ ಮಗ ಕಾಣುತ್ತಿದ್ದ. ಬಿಟ್ಟು ಒಳಗೆ ಬರಲು ಅವಳಿಂದ ಆಗಲಿಲ್ಲ, ಅವಳಿಗೂ ಅದೇ ಎಲುಬಿನಲ್ಲಿ ಸತ್ತವರು ಕಾಣುತ್ತಿದ್ದರು. ಈಗ ಇದನ್ನು ಬರೆಯುವುದು ಸುಲಭ. ಆಗ ನನಗೆ ಗೊತ್ತಿದ್ದದ್ದು ಒಂದೇ, ನನ್ನ ಪಕ್ಕದ ಜಾಗ ಬರಿದಾಗಿದೆ, ಹೇಗಾದರೂ ಆಯಿಯನ್ನು ಒಳಗೆ ತರಬೇಕು.

ದಸರಾ ಹತ್ತಿರ ಬಂತು, ಮನೆಗೆ ಸುಣ್ಣ ಬಳಿಯುವ ದಿನ ಬಂತು. ನಮ್ಮ ಕಡೆ ಸುಣ್ಣವೆಂದರೆ ಬರೀ ಬಣ್ಣ ಅಲ್ಲ. ಮನೆಯಲ್ಲಿ ಸಾವಾದ ವರ್ಷ ಸುಣ್ಣ ಬಿದ್ದ ಮೇಲೇ ಮನೆ ಮತ್ತೆ ಮನೆಯಾಗುವುದು. ಅಪ್ಪ ಅಂಗಳದಲ್ಲಿ ಕುಣಿ ತೋಡಿ ಹಳೆಯ ಕಬ್ಬಿಣದ ಬಾನಿ ಹುಗಿದು, ಅದರಲ್ಲಿ ಸುಣ್ಣದ ಕಲ್ಲು ಸುರಿದು ನೀರು ಹೊಯ್ದ. ಬೆಂಕಿಯಿಲ್ಲದೆ ಬಾನಿ ಕುದಿಯತೊಡಗಿತು. ಕಲ್ಲು ಒಡೆದು ಬುಸ್ಸೆಂದು ಹಬೆ ಏಳುತ್ತಿತ್ತು. ನಾನು ದೂರ ನಿಂತು ಕೇಳಿದೆ.

"ಅಪ್ಪಾ, ಸುಣ್ಣಕ್ಕ ಮೈಲಿಗಿ ಹೋಗತೈತಿ?"

"ಹೂಂ."

"ಎಂಥಾ ಮೈಲಿಗೀನೂ?"

"ಎಂಥಾದೂ ಉಳ್ಯಾಂಗಿಲ್ಲ. ನೀ ಸನೇಕ ಬರಬ್ಯಾಡ, ಕಣ್ಣಿಗೆ ಸಿಡದೀತು."

ನನಗೆ ಬೇಕಾದ್ದು ಸಿಕ್ಕಿಬಿಟ್ಟಿತು. ಅಷ್ಟು ದಿನ ದೊಡ್ಡವರ ತಲೆಗೆ ಯಾಕೆ ಹೊಳೆಯಲಿಲ್ಲವೋ ಅಂತ ಆಶ್ಚರ್ಯ! ಎಲುಬಿನದು ಮೈಲಿಗೆ, ಮೈಲಿಗೆ ಹೋಗುವುದು ಸುಣ್ಣದಿಂದ, ಸುಣ್ಣ ಇಲ್ಲೇ ಕುದಿಯುತ್ತಿದೆ. ಅಪ್ಪ ಕುಂಚ ತರಲು ಹೋದ. ಅವ್ವ ಅಟ್ಟದ ಪಾತ್ರೆ ಇಳಿಸುತ್ತಿದ್ದಳು. ಆಯಿ ಹಬ್ಬಕ್ಕೆಂದು ಕಂಬಳಿ ಒಗೆಯಲು ಹಳ್ಳಕ್ಕೆ ಹೋಗಿದ್ದಳು, ನೀರಿಗೆ ಹೋಗುವಾಗ ಮಾತ್ರ ಅವಳು ಸಂಚಿಯನ್ನು ಮಾಡಿನ ಗೂಟಕ್ಕೆ ಹಾಕುತ್ತಿದ್ದಳು. ಎಲುಬು ತೆಗೆದು ತಂದೆ. ಬಾನಿಯೊಳಗೆ ಬಿಟ್ಟೆ. ಬಿಳೀ ಗಂಜಿಯಲ್ಲಿ ಅದು ಕಣ್ಣಿಗೆ ಕಾಣದಂತೆ ಮುಳುಗಿತು. ನೂರು ಎಣಿಸಿ ತೆಗೆಯಬೇಕೆಂದಿದ್ದೆ, ಇನ್ನೂ ಚಲೋ ಆಗಲಿ ಅಂತ ಇನ್ನೂ ಎರಡು ನೂರು ಎಣಿಸಿದೆ. ಕೋಲಿನಿಂದ ಎತ್ತಲು ಹೋದರೆ ಸಿಗವಲ್ಲದು. ಕಡೆಗೆ ಕೈ ಹಾಕಿದೆ. ಕೂಗಿಕೊಂಡರೆ ಕೆಲಸ ಕೆಡುತ್ತದೆಂದು ತುಟಿ ಕಚ್ಚಿಕೊಂಡೆ.

ನೀರಿನಲ್ಲಿ ತೊಳೆದು ನೋಡಿದರೆ ಎಲುಬು ಬೆಳ್ಳಗಾಗಿತ್ತು, ನನ್ನ ಆಸೆಯಷ್ಟೇ ಬೆಳ್ಳಗೆ. ತಳದ ಅರಗು ಕರಗಿಹೋಗಿತ್ತು. ಉದ್ದಕ್ಕೆ ಒಂದು ಸೀಳು ಬಿದ್ದಿತ್ತು. ಹಳೆಯ ಬೆಣ್ಣೆಯ ಹೊಳಪು ಹೋಗಿ ಬಳಪದ ಹಾಗೆ ಒರಟಾಗಿತ್ತು. ಅದು ಹೋಗಲಿ. ತಿರುಗಿಸಿ ನೋಡಿದೆ, ಮತ್ತೊಮ್ಮೆ ತಿರುಗಿಸಿದೆ. ಕಪ್ಪು ಕುರಿ ಎರಡೂ ಇರಲಿಲ್ಲ. ಆರೂ ಕುರಿ ಬೆಳ್ಳಗೆ, ಒಂದರ ಹಿಂದೊಂದು, ಒಂದೇ ಥರ ಹೊರಟಿದ್ದವು. ಯಾವುದು ಅಪ್ಪ, ಯಾವುದು ಅತ್ತೆ, ಯಾರು ಸತ್ತವರು, ಒಂದೂ ಗೊತ್ತಾಗಲಿಲ್ಲ. ದಿನಾ ನೋಡುತ್ತಿದ್ದವಳು ನಾನು, ಆದರೆ ನೋಡುತ್ತಿದ್ದದ್ದು ಕಪ್ಪನ್ನು ಮಾತ್ರ, ಅದು ಎಲ್ಲಿದೆ ಅನ್ನುವುದನ್ನಲ್ಲ.

ಆಯಿ ಒದ್ದೆ ಕಂಬಳಿ ಹೊತ್ತು ಬಂದಾಗ ನಾನು ಮಾಡಿನ ಬಾಗಿಲಲ್ಲಿ ಎಲುಬು ಹಿಡಿದು ನಿಂತಿದ್ದೆ. ಏನೇನೋ ಹೇಳಬೇಕೆಂದಿದ್ದೆ, ಮೈಲಿಗೆ ಹೋಯಿತು ಆಯಿ, ಇನ್ನು ಒಳಗೆ ಬಾ ಅಂತ. ಬಾಯಿಂದ ಬಂದದ್ದು ಅಳು. ಅವಳು ಕಂಬಳಿ ಕೆಳಗೆ ಎಸೆದು ಮೊದಲು ಹಿಡಿದದ್ದು ಎಲುಬನ್ನಲ್ಲ, ನನ್ನ ಕೈಯನ್ನು.

"ಅಯ್ಯೋ ಪೋರಿ! ಕೈ ಸುಟ್ಕೊಂಡಿ ಏನ ಬೇ? ಎಲ್ಲಿ ಇಟ್ಟಿದ್ದಿ ಕೈ?"

ಕೈ ತೊಳೆದು ತೊಳೆದು, ಔಡಲೆಣ್ಣೆ ಸವರಿ, ತನ್ನ ಹಳೆ ಸೀರೆಯ ಚೂರು ಸುತ್ತಿದಳು. ಅದೆಲ್ಲ ಮುಗಿದ ಮೇಲೆ ಎಲುಬು ತೆಗೆದುಕೊಂಡು ಬೆಳಕಿಗೆ ಬಂದಳು. ಅವಳ ಒಂದು ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರ ಹಿಡಿದಳು, ದೂರ ಹಿಡಿದಳು. ಹೆಬ್ಬೆರಳಿಂದ ಒಂದೊಂದೇ ಕುರಿ ಸವರಿದಳು. ಒಂದು ಸುತ್ತು, ಎರಡು ಸುತ್ತು. ತುಟಿ ಎಣಿಸುತ್ತಿತ್ತು, ಎಣಿಕೆ ಎಲ್ಲೋ ತಪ್ಪಿ ಮತ್ತೆ ಮೊದಲಿಂದ.

"ಎಲ್ಲಾರೂ ಹ್ವಾದ್ರ ಹಂಗಾರ," ಅಂದಳು.

ಬೈದಿದ್ದರೆ, ಹೊಡೆದಿದ್ದರೆ ನನ್ನ ಜೀವ ಇಷ್ಟು ವರ್ಷ ಹೀಗೆ ಒದ್ದಾಡುತ್ತಿರಲಿಲ್ಲ. ಎಲುಬನ್ನು ಸಂಚಿಯಲ್ಲಿ ಹಾಕಿ, ಸಂಚಿಯನ್ನು ಅದೇ ಗೂಟಕ್ಕೆ ತೂಗುಹಾಕಿ, ನನ್ನ ಸುತ್ತಿದ ಕೈ ಹಿಡಿದುಕೊಂಡು ಅಂಗಳ ದಾಟಿದಳು. ಪಡಸಾಲೆಯ ಗೋಡೆ ಇನ್ನೂ ಹಸಿಯಾಗಿತ್ತು. ಬಾಗಿಲ ಬಲಕ್ಕೆ ತನ್ನ ಜಾಗದಲ್ಲಿ ಕೂತಳು. ಕುಂಚ ಹಿಡಿದಿದ್ದ ಅಪ್ಪ ತಿರುಗಿ ನೋಡಿ ದಂಗಾದ. ಅವನ ಮುಖದಲ್ಲಿ ಬಂದ ಸಂತೋಷ ನನಗೆ ಈಗಲೂ ನೆನಪಿದೆ, ನೆನಪಾದರೆ ನಾಚಿಕೆಯಾಗುತ್ತದೆ.

"ಬಂದೇನವ್ವಾ? ಬಿಟ್ಟ ಬಂದಿ?"

"ಬಿಟ್ಟ ಬಂದೆ. ಇವಳ ಕೈಗೆ ಸುಣ್ಣ ಸಿಡದೈತಿ, ನೋಡ್ಕೋ."

ಮೂರನೆಯವರಿಗೆ ಅವಳು ಅದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವಳ ಕಂಬಳಿಯೊಳಗೆ ನಾನು ಮತ್ತೆ ಮಲಗಿದೆ. ಕುರಿ ವಾಸನೆ ಇತ್ತು. ತಂಬಾಕಿನದೂ ಸುಣ್ಣದ್ದೂ ಇರಲಿಲ್ಲ. ಅಪ್ಪ ನಿಪ್ಪಾಣಿಯಿಂದ ಹಿತ್ತಾಳೆ ಡಬ್ಬಿ ತಂದುಕೊಟ್ಟ, ಚಲೋ ಐತಿ ಅಂತ ಅವಳು ಅದನ್ನು ಜಗುಲಿಯ ಮೇಲಿಟ್ಟಳು, ಒಮ್ಮೆಯೂ ತೆರೆಯಲಿಲ್ಲ. ತಂಬಾಕು ಬಿಟ್ಟ ಮೇಲೆ ಮಾತೂ ಬಿಟ್ಟಳು. ಬೆಳಗ್ಗೆ ಎದ್ದರೆ ಕೈ ಸೊಂಟಕ್ಕೆ ಹೋಗುತ್ತಿತ್ತು, ಅಲ್ಲಿ ಏನೂ ಇಲ್ಲದ್ದು ತಿಳಿದು ಮಡಿಲಿಗೆ ಬರುತ್ತಿತ್ತು. ಜೋಳ ತೆನೆ ಹಿಡಿಯುವ ಹೊತ್ತಿಗೆ ಕೆಮ್ಮು ಅವಳನ್ನು ಒಯ್ದಿತು.

ಮೂರನೆಯ ದಿನ ಅಪ್ಪ ಬೂದಿಯೊಳಗಿಂದ ಅವಳ ಎಲುಬು ಆರಿಸಿದ. ಅದು ಮಗನೇ ಮಾಡಬೇಕಾದ ಕೆಲಸ, ಬರಿಗೈಯಲ್ಲೇ ಮಾಡಬೇಕಾದ ಕೆಲಸ. ಹಾಲಿನಲ್ಲಿ ತೊಳೆದು, ಬಿಳೀ ಅರಿವೆಯಲ್ಲಿ ಗಂಟು ಕಟ್ಟಿ ತಂದ. ಕೃಷ್ಣಾ ಹೊಳೆಗೆ ಬಿಡುವ ತನಕ ಅದನ್ನು ಮನೆಯೊಳಗೆ ತರುವಂತಿಲ್ಲ, ದಡ್ಡಿಯ ಮುಂದಿನ ಬೇವಿನ ಟೊಂಗೆಗೆ ಕಟ್ಟಿದ. ಕಟ್ಟಿ, ಕೆಳಗೆ ಕೂತ. ಅವ್ವ ಕೈ ತೊಳೆಯಲು ನೀರು ತಂದಿಟ್ಟಳು. ಅವನು ತೊಳೆಯಲಿಲ್ಲ. ಬೂದಿ ಮೆತ್ತಿದ ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದ.

"ಶಾಂತಾ, ನಿಮ್ಮಾಯಿ ಸಂಚಿ ಎಲ್ಲೈತಿ?"

"ದಡ್ಡ್ಯಾಗ, ಗೂಟಕ್ಕೈತಿ."

"ತೊಗೊಂಡ ಬಾ."

ತಂದು ಕೊಟ್ಟೆ. ಸಂಚಿಯ ಬಾಯಿ ಬಿಚ್ಚಿ, ಕೊರಳಲ್ಲಿ ಮಾಳಿ ಇದ್ದ ನಮ್ಮಪ್ಪ ಆ ಎಲುಬನ್ನು ಕೈಯಲ್ಲಿ ಹಿಡಿದ. ತಿರುಗಿಸಿದ. ಹುಬ್ಬು ಗಂಟು ಹಾಕಿದ.

"ಇದರ ಕಾಡಿಗಿ ಎಲ್ಲಿ ಹೋತು?"

ಹೇಳಿಬಿಡಲು ಅದೇ ಸಮಯವಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಉತ್ತರ ಹುಡುಕಿಕೊಂಡ.

"ಸವದೈತಿ. ಆ ಮಾಡಿನ್ಯಾಗ ಒಬ್ಬಾಕಿ ಕುಂತು ಸವರಿ ಸವರಿ ಸವದಾಳ. ನಾನ ಆಕಿನ ಹೊರಗ ಹಾಕಿದ್ನಲ್ಲ."

ಆಗ ಅತ್ತ. ತಮ್ಮ ಹೋದಾಗ ಅಳದವನು, ಚಿತೆಗೆ ಬೆಂಕಿ ಕೊಟ್ಟಾಗ ಅಳದವನು, ಟೊಂಗೆಗೆ ಕಟ್ಟಿದ ಗಂಟಿನ ಕೆಳಗೆ ಕೂತು ಬಾಯಿ ತೆರೆದು ಅತ್ತ. ನಾನು ಮಾಡಿದ್ದು ಅವನ ತಲೆಯ ಮೇಲೆ ಹೋಗಿ ಕೂತಿತು, ನಾನು ಇಳಿಸಲಿಲ್ಲ. ಒಂಬತ್ತು ವರ್ಷದವಳ ಹೆದರಿಕೆ ಅಂತ ನೀವು ಅಂದೀರಿ. ಇಪ್ಪತ್ತು ವರ್ಷದವಳಾದಾಗಲೂ ಇಳಿಸಲಿಲ್ಲವಲ್ಲ, ಅದಕ್ಕೇನಂತೀರಿ.

"ಸಣ್ಣಾಂವಿದ್ದಾಗ ನನಗ ತೋರ್ಸಿದ್ಲು. ಮರತೀನಿ. ನಿನಗ ಗೊತ್ತಿರಬೇಕ. ಇದರಾಗ ನಾ ಯಾವದು?"

ಅವನು ಎರಡೂ ಅಂಗೈ ಮೇಲೆ ಎಲುಬಿಟ್ಟು ನನ್ನ ಮುಂದೆ ಹಿಡಿದ. ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದಂತೆ ಮಾಡಿದವಳು ನಾನೇ. ಅವನ ಮುಖ ನೋಡಿದೆ. ಬೆರಳು ಚಾಚಿ ಮೇಲಿದ್ದ ಕುರಿಯೊಂದರ ಮೇಲೆ ಇಟ್ಟೆ.

"ಇದು, ಅಪ್ಪಾ."

"ಇದೇನ?"

"ಹೂಂ. ದಿನಾ ತೋರಸ್ತಿದ್ಲು."

ಅವನು ಅದರ ಮೇಲೆ ಹೆಬ್ಬೆರಳಿಟ್ಟ. ಮರುದಿನ ಆಯಿಯ ಗಂಟು ಹೊಳೆಗೆ ಹೋಯಿತು, ಎಲುಬು ಹೋಗಲಿಲ್ಲ. ಅವನ ಅಂಗಿಯ ಎದೆಕಿಸೆಗೆ ಬಂತು, ಮಾಳಿಯ ಕೆಳಗೆ. ಮಾಳಿ ಹಾಕಿಕೊಂಡ ಉಳಿದವರು ಆಡಿಕೊಂಡರು, ಒಬ್ಬಿಬ್ಬರು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಲಿಲ್ಲ. ಅವನು ಎರಡನ್ನೂ ಬಿಡಲಿಲ್ಲ. ಆಮೇಲೆ ಕುರಿ ಮಾರಿದ, ಕಬ್ಬು ಹಚ್ಚಿದ, ನನ್ನನ್ನು ಓದಿಸಿದ. ಬದುವಿನ ಮೇಲೆ ಕೂತಾಗ, ಬಸ್ಸು ಕಾಯುವಾಗ, ಭಜನೆಗೆ ಮೊದಲು, ಕೈ ಕಿಸೆಯೊಳಗೆ ಹೋಗುತ್ತಿತ್ತು. ಹೊಲದ ಎರೆಮಣ್ಣು, ಬೆವರು, ಎಣ್ಣೆ, ಎಲ್ಲ ಇದ್ದ ಅದೇ ಹೆಬ್ಬೆರಳು.

ನನಗೆ ನೌಕರಿ ಸಿಕ್ಕ ಮರುವರ್ಷ ಅಪ್ಪ ಹೋದ. ಮಾಳಿ ಅವನ ಜೊತೆ ಚಿತೆಗೆ ಹೋಯಿತು. ಎಲುಬು ಅವ್ವ ನನ್ನ ಕೈಗೆ ಕೊಟ್ಟಳು. ಈಗ ಇದನ್ನು ಬರೆಯುವಾಗ ಆ ದಪ್ಪ ಪುಸ್ತಕದ ಪಕ್ಕದಲ್ಲಿ ಮೇಜಿನ ಮೇಲಿದೆ. ಐದು ಕುರಿ ಬೆಳ್ಳಗಿವೆ. ನಾನು ಬೆರಳಿಟ್ಟು ತೋರಿಸಿದ ಒಂದು ಮಾತ್ರ, ಅಜ್ಜ ಕಾಡಿಗೆ ತುಂಬಿದಾಗ ಹೇಗಿತ್ತೋ ಹಾಗೆ, ಕರ್ರಗಾಗಿದೆ. ಅಪ್ಪ ಅಷ್ಟು ವರ್ಷ ಹೆಬ್ಬೆರಳು ಇಟ್ಟುಕೊಂಡು ಕೂತದ್ದು ತನ್ನ ಮೇಲೋ, ವರ್ಷ ತುಂಬದೆ ಹೋದ ಯಾವ ಅಣ್ಣನ ಮೇಲೋ, ನನಗೆ ಗೊತ್ತಿಲ್ಲ.